ಊರೆಲ್ಲ ಉಣಿಸಿ ಬೆಳೆಸಿದ ಲೈನ್‌ಮನ್

ನೆಬ್ರಾಸ್ಕಾ ಸೀಮೆಗೆ ವಲಸೆ ಬಂದ ಚೆಕ್ ಜನರ ಊರು ಡುಬ್ರಾವಾ. ಅಲ್ಲಿನ ಮೇವಿನ ಮಿಲ್ಲಿನ ಬಾಗಿಲ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆಯುತ್ತಿದ್ದರು: ಮೆಕ್ಕೆಜೋಳದ ಧಾರಣೆ, ಹಂದಿಯ ಧಾರಣೆ, ಲುಮೀರ್ ಹವ್ರಾನೆಕನ ತೂಕ. ಮೊದಲೆರಡು ಇಳಿದರೆ ಊರಿನವರು ಸರಕಾರವನ್ನು ಬೈಯುತ್ತಿದ್ದರು. ಮೂರನೆಯದು ಇಳಿದರೆ ಅವನ ಹೆಂಡತಿ ವರ್ನಾಳನ್ನು ಬೈಯುತ್ತಿದ್ದರು.

ಈ ಮೂರನೆಯ ಸಾಲು ಹಲಗೆ ಹತ್ತಿದ್ದು ವರ್ನಾ ಸೊಸೆಯಾಗಿ ಬರುವುದಕ್ಕೂ ಮೊದಲು, ಲುಮೀರ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಸೇರಿದ ವರ್ಷ. ಅವನು ಅಲ್ಲಿ ಲೈನ್‌ಮನ್. ಲೈನ್‌ಮನ್ ಎಂದಕೂಡಲೇ ಕರೆಂಟಿನ ಕಂಬ ಹತ್ತುವವನನ್ನು ನೆನೆಯಬೇಡಿ; ಲುಮೀರ್ ಹತ್ತಿದ್ದರೆ ಕಂಬ ಉಳಿಯುತ್ತಿರಲಿಲ್ಲ. ನೆಬ್ರಾಸ್ಕಾದ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವವನು ಒಬ್ಬ. ಅವನಿಗೆ ದಾರಿ ಬಿಡಿಸಲು ಮುಂದೆ ಸಾಲಾಗಿ ಬಗ್ಗಿ ನಿಂತವರು ಐವರು, ಒಬ್ಬೊಬ್ಬನೂ ಗುಡಾಣದಂಥ ಆಳು. ಎದುರಿನವನ ಎದೆಗೆ ಹೆಗಲು ಕೊಟ್ಟು ನೂಕುವುದು, ಬೀಳುವುದು, ಎದ್ದು ಮತ್ತೆ ಬಗ್ಗುವುದು, ಇಷ್ಟೇ ಅವರ ಬಾಳು. ಓಡಿದವನು ಗೆದ್ದರೆ ಹೆಸರು ಅವನದು. ಮುಗ್ಗರಿಸಿದರೆ ಬೈಗುಳ ಇವರದು. ಕೂಡುಕುಟುಂಬದಲ್ಲಿ ಸೊಸೆಯಾಗಿ ಬಾಳಿದವರಿಗೆ ಈ ಕೆಲಸವನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಮೊದಲ ವರ್ಷ ಕೋಚು ಲುಮೀರನನ್ನು ಮೇಲಿಂದ ಕೆಳಗೆ ನೋಡಿ, ‘ಹುಡುಗ ಗಟ್ಟಿಗ, ಆದರೆ ತೆಳ್ಳಗಿದ್ದಾನೆ’ ಎಂದನಂತೆ. ಈ ಮಾತು ಡುಬ್ರಾವಾಕ್ಕೆ ತಲುಪಿದಾಗ ಚೆಕ್ ಹೆಂಗಸರಿಗೆ ಮೈ ಉರಿದುಹೋಯಿತು. ಅವರನ್ನು ನೀವು ಕಳ್ಳಿ ಎನ್ನಿ, ಸುಳ್ಳಿ ಎನ್ನಿ, ನಾಳೆಗೆ ಮರೆತಾರು. ಅವರ ಮಗನನ್ನು ತೆಳ್ಳಗಿದ್ದಾನೆ ಎಂದರೆ ಮುಗಿಯಿತು, ಅದು ಒಲೆಗೆ ಉಗಿದ ಹಾಗೆ. ಎಲ್ಲರಿಗಿಂತ ಹೆಚ್ಚು ಉರಿದವಳು ಲುಮೀರನ ತಾಯಿ ಆಲ್ಬೀನಾ. ನಿಂತರೆ ಊಟದ ಮೇಜಿಗಿಂತ ಒಂದಿಷ್ಟು ಎತ್ತರ, ದನಿ ಮಾತ್ರ ಚರ್ಚಿನ ಗಂಟೆ.

“ತೆಳ್ಳಗಂತೆ! ಇವನನ್ನ ಹೆತ್ತಾಗ ಸೂಲಗಿತ್ತಿ ಸೊಂಟ ಹಿಡ್ಕೊಂಡು ಕೂತಿದ್ಲು. ಅಂಥ ಮಗೂನ ತೆಳ್ಳಗಂತೆ! ನಮ್ಮನೇಲಿ ಊಟಕ್ಕೆ ಗತಿ ಇಲ್ಲ ಅಂದ್ಕೊಂಡ್ನಾ ಆ ಕೋಚು?”

ಆ ವಾರದಿಂದಲೇ ಊರು ಸರದಿ ಹಾಕಿಕೊಂಡಿತು. ಪ್ರತಿ ಗುರುವಾರ ಯಾರದಾದರೂ ಕಾರು ಕಾಲೇಜಿಗೆ ಹೊರಡುತ್ತಿತ್ತು. ಹಿಂದಿನ ಸೀಟಿನಲ್ಲಿ ಹುರಿದ ಹಂದಿ ಮಾಂಸ, ಹಿಟ್ಟಿನ ಕಡುಬು, ಹುಳಿ ಕೋಸು, ಗಸಗಸೆ ತುಂಬಿದ ಕೊಲಾಚಿ ಬನ್ನುಗಳು. ಕಾರಿನಲ್ಲಿ ಜಾಗ ಸಾಲದಿದ್ದರೆ ಗಂಡ ಇಳಿಯುತ್ತಿದ್ದ, ಪಾತ್ರೆ ಇಳಿಯುತ್ತಿರಲಿಲ್ಲ. ಲುಮೀರ್ ಊರಿಗೆ ಬಂದ ಭಾನುವಾರ ಚರ್ಚಿನ ಪೂಜೆ ಮುಗಿದದ್ದೇ ತಡ, ಅವನನ್ನು ನೇರ ಮಿಲ್ಲಿಗೆ ಕರೆದೊಯ್ದು ಹಂದಿ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು. ಮನೆ ಬಚ್ಚಲಿನ ತೂಕದ ಯಂತ್ರ ಅವನ ಕಾಲಡಿಯಲ್ಲಿ ಎಂದೋ ಪ್ರಾಣ ಬಿಟ್ಟಿತ್ತು. ಮಿಲ್ಲಿನ ಯಜಮಾನ ಬೋಹುಸ್ ಕನ್ನಡಕ ಏರಿಸಿ ಮುಳ್ಳು ನೋಡಿ ಹಲಗೆಯ ಮೇಲೆ ಬರೆದರೆ, ಹೊರಗೆ ನಿಂತವರು ಮಗು ಹುಟ್ಟಿದ ಸುದ್ದಿ ಕೇಳಿದಂತೆ ಚಪ್ಪಾಳೆ ತಟ್ಟುತ್ತಿದ್ದರು.

ಊರಿನ ಊಟ ವ್ಯರ್ಥವಾಯಿತು ಎಂದು ಯಾರೂ ಹೇಳುವಂತಿಲ್ಲ. ಮೂರನೆಯ ವರ್ಷಕ್ಕೆ ಲುಮೀರ್ ಆ ಸೀಮೆಯ ಕಾಲೇಜು ತಂಡಗಳಲ್ಲೆಲ್ಲ ಹೆಸರಾದ ಲೈನ್‌ಮನ್ ಆದ. ಎದುರಿನ ತಂಡದವರು ಆಟದ ಹಿಂದಿನ ದಿನ ಅವನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತರಂತೆ, ಬಯ್ಯುವಾಗ ತಪ್ಪಾಗಬಾರದಲ್ಲ. ಅವನ ಪಕ್ಕದಲ್ಲಿ, ಸಾಲಿನ ನಟ್ಟನಡುವೆ ನಿಲ್ಲುತ್ತಿದ್ದವನು ಗೇಲ್ ಲಿಂಡ್‌ಹೋಮ್, ಸ್ವೀಡನ್ನಿನ ಕಡೆಯ ಮನೆತನದವನು. ಕಾಲ ನಡುವಿನಿಂದ ಚೆಂಡನ್ನು ಹಿಂದಕ್ಕೆ ದಾಟಿಸಿ ಆಟ ಶುರು ಮಾಡುವುದು ಅವನ ಕೆಲಸ. ಹಾಗಾಗಿ ಐವರಲ್ಲಿ ಚೆಂಡು ಮುಟ್ಟುವ ಭಾಗ್ಯ ಇದ್ದವನು ಅವನೊಬ್ಬನೇ, ಅದರ ಜಂಭವೂ ಇತ್ತು. ರಜೆಯಲ್ಲಿ ಅವನು ಲುಮೀರನ ಜೊತೆ ಡುಬ್ರಾವಾಕ್ಕೆ ಬಂದು ಆಲ್ಬೀನಾಳ ಮೇಜಿನ ಮುಂದೆ ಕೂತರೆ, ಕಡುಬಿನ ತಪ್ಪಲೆಗೇ ಭಯವಾಗುತ್ತಿತ್ತು.

ಲುಮೀರನ ಕೈಗೆ ಚೆಂಡು ಬಂದದ್ದು ನಾಲ್ಕು ವರ್ಷಗಳಲ್ಲಿ ಒಂದೇ ಸಲ. ಓಡುವವನ ಕೈ ಜಾರಿ ಅದು ಉರುಳಿಕೊಂಡು ಬಂದು, ಬಿದ್ದಿದ್ದ ಲುಮೀರನ ಹೊಟ್ಟೆಯ ಕೆಳಗೆ ನಿಂತಿತು. ಅವನು ಎದ್ದು, ದಾರಿಯಲ್ಲಿ ಯಾರದೋ ಹಣದ ಚೀಲ ಸಿಕ್ಕ ಮರ್ಯಾದಸ್ಥನಂತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ರೆಫರಿಗೆ ಒಪ್ಪಿಸಿಬಿಟ್ಟ. ಪತ್ರಿಕೆಯಲ್ಲಿ ಫೋಟೋ ಬರುತ್ತಿದ್ದದ್ದು ಓಟಗಾರ ಡೆನ್ನಿ ಮೆಕ್‌ಕ್ಲೂರನದು. ಒಂದು ಫೋಟೋದ ಮೂಲೆಯಲ್ಲಿ ಲುಮೀರನ ಮೊಣಕೈ ಬಿದ್ದಿತ್ತು. ಆಲ್ಬೀನಾ ಡೆನ್ನಿಯನ್ನು ಕತ್ತರಿಸಿ ಬಿಸಾಕಿ, ಮೊಣಕೈಗೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ಅದರ ದರ್ಶನವಾಗಬೇಕು.

ವರ್ನಾ ಅವನನ್ನು ಮೊದಲು ನೋಡಿದ್ದು ಆ ಮೈದಾನದಲ್ಲೇ. ಅವಳು ಹೊಳೆಯಾಚೆಯ ಜರ್ಮನ್ ಲೂಥರನ್ ಪಂಗಡದವರ ಮನೆಯವಳು, ಕಾಲೇಜಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದಳು. ಬ್ಯಾಂಡಿನವರನ್ನು ಕೂರಿಸುತ್ತಿದ್ದದ್ದು ತೀರ ಕೆಳಗಿನ ಸಾಲಿನಲ್ಲಿ. ಅಲ್ಲಿಂದ ಚೆಂಡು ಕಾಣುತ್ತಿರಲಿಲ್ಲ, ಲೈನ್‌ಮನ್ನರ ಬೆನ್ನಷ್ಟೇ ಕಾಣುತ್ತಿತ್ತು. ಜಗತ್ತೆಲ್ಲ ಡೆನ್ನಿಯ ಹಿಂದೆ ಕೂಗುತ್ತಾ ಹೋದ ಮೇಲೆ, ಅರವತ್ತನಾಲ್ಕನೇ ನಂಬರಿನ ಅಂಗಿಯವನು ತಾನು ಉರುಳಿಸಿದವನಿಗೆ ತಾನೇ ಕೈಕೊಟ್ಟು ಎಬ್ಬಿಸುವುದನ್ನು ಅವಳು ಕಂಡಳು. ಪ್ರತಿ ಸಲವೂ ಎಬ್ಬಿಸುತ್ತಿದ್ದ. ಇಂಥವನ ಜೊತೆ ಜಗಳವಾಡಿದರೂ ನಷ್ಟವಿಲ್ಲ ಎಂದುಕೊಂಡಳು. ಆ ಲೆಕ್ಕ ಸರಿಯಾಗಿತ್ತು. ಅವನ ತಾಯಿಯ ಜೊತೆ ಜಗಳವಾಡಬೇಕಾದೀತು ಎಂಬುದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಾಲೇಜು ಮುಗಿದ ಬೇಸಗೆಯಲ್ಲಿ ಸಂಬಳ ಕೊಟ್ಟು ಆಡಿಸುವ ತಂಡವೊಂದು ಲುಮೀರನನ್ನು ಕರೆಸಿಕೊಂಡಿತು. ಊರು ಬೀಳ್ಕೊಡುಗೆಗೆ ಎರಡು ಹಂದಿ ಕಡಿಯಿತು. ಆಟಗಳು ಶುರುವಾಗುವ ಮೊದಲೇ ಮೊಣಕಾಲು ಮುರಿದುಕೊಂಡು ಅವನು ವಾಪಸು ಬಂದ. ಊರು ಅವನನ್ನು ಸಮಾಧಾನ ಮಾಡಲು ಇನ್ನೊಂದು ಕಡಿಯಿತು.

ಅವನ ಆಟ ಅಲ್ಲಿಗೆ ಮುಗಿಯಿತು, ಊಟ ಮುಗಿಯಲಿಲ್ಲ. ಆಟ ನಿಂತರೆ ಊಟವನ್ನೂ ಇಳಿಸಬೇಕು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬೋಹುಸ್ ಅವನನ್ನು ಮಿಲ್ಲಿನ ಲಾರಿ ಓಡಿಸಲು ಇಟ್ಟುಕೊಂಡ. ಹೊಲಮನೆಗಳಿಗೆ ಮೇವಿನ ಮೂಟೆ ಇಳಿಸುವ ಕೆಲಸ. ಪ್ರತಿ ಮನೆಯ ಅಂಗಳದಲ್ಲೂ ಲಾರಿ ನಿಂತ ಸದ್ದಿಗೆ ಅಡುಗೆಮನೆಯ ಕಿಟಕಿ ತೆರೆಯುತ್ತಿತ್ತು. “ಬಾರೋ ಲುಮೀರ್, ಬರೀ ಹೊಟ್ಟೇಲಿ ಹೋದ್ರೆ ನಿಮ್ಮಮ್ಮಂಗೆ ಏನಂತ ಮುಖ ತೋರಿಸ್ಲಿ?” ಇಲ್ಲ ಎನ್ನುವುದು ಅವನಿಗೆ ಬರುತ್ತಿರಲಿಲ್ಲ. ಹಲಗೆಯ ಮೇಲಿನ ಅಂಕಿ ಏರುತ್ತಲೇ ಹೋಯಿತು. ಮುನ್ನೂರು ಪೌಂಡು, ಅಂದರೆ ನೂರ ಮೂವತ್ತಾರು ಕಿಲೋ, ದಾಟಿದ ದಿನ ಮಿಲ್ಲಿನಲ್ಲಿ ಬಿಯರ್ ಹಂಚಿದರು.

ವರ್ನಾಳ ಅಡುಗೆಯ ಬಗ್ಗೆ ಊರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅವಳು ತಟ್ಟೆಯಲ್ಲಿ ತಳ ಕಾಣುವಂತೆ ಬಡಿಸುತ್ತಾಳೆ ಎಂಬುದು ದೂರು. ಅವಳು ಮೊದಮೊದಲು ನಕ್ಕು ಸುಮ್ಮನಾದಳು. ಆದರೆ ಲುಮೀರನಿಗೆ ಮೂವತ್ತೊಂಬತ್ತು ತುಂಬಿದ ಚಳಿಗಾಲ, ಮನೆಯ ಮೆಟ್ಟಿಲು ಹತ್ತಿದವನು ಕುರ್ಚಿಗೆ ಬಿದ್ದು ಮಾತಾಡಲಾರದೆ ಕೈಸನ್ನೆ ಮಾಡಿದ. ಅವಳು ಅವನನ್ನು ನಗರಕ್ಕೆ ಎಳೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಈ ಹೃದಯ ಒಬ್ಬ ಮನುಷ್ಯನಿಗೆ ಮಾಡಿದ್ದು, ಇಬ್ಬರನ್ನು ಹೊರುತ್ತಿದೆ, ಹೀಗೇ ನಡೆದರೆ ಐವತ್ತು ಕಾಣುವುದಿಲ್ಲ ಎಂದರು. ವಾಪಸು ಬರುವ ದಾರಿಯುದ್ದಕ್ಕೂ ವರ್ನಾಳಿಗೆ ಆ ಮಾತು ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ. ಗಂಡನನ್ನು ಉಳಿಸಿಕೊಳ್ಳಬೇಕಾದರೆ ಇಡೀ ಊರಿನ ಒಲೆಗಳ ಜೊತೆ ಯುದ್ಧ ಹೂಡಬೇಕಿತ್ತು. ಅವಳು ದೊಡ್ಡ ಒಲೆಯಿಂದಲೇ ಶುರುಮಾಡಿದಳು.

“ಅತ್ತೆ, ಡಾಕ್ಟ್ರು ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದೀನಿ. ಹೀಗೇ ತಿಂದ್ರೆ ಐವತ್ತು ಕಾಣಲ್ಲ ಅಂದ್ರು.”

ಆಲ್ಬೀನಾ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಆ ಡಾಕ್ಟ್ರನ್ನ ನೋಡಿದೀನಿ ಬಿಡಮ್ಮ. ಒಳ್ಳೆ ಕಡ್ಡಿ ಹಾಗಿದಾನೆ. ಅವನನ್ನೇ ಇಲ್ಲಿಗೆ ಕಳ್ಸು, ಎರಡು ವಾರ ಇಟ್ಕೊಂಡು ಮನುಷ್ಯನ್ನ ಮಾಡಿ ಕಳಿಸ್ತೀನಿ.”

“ತಮಾಷೆ ಅಲ್ಲ ಅತ್ತೆ.”

“ನಾನೆಲ್ಲಿ ತಮಾಷೆ ಮಾಡ್ದೆ? ನನ್ನ ಮಗನ ಮೂಳೆ ದೊಡ್ಡದು. ದೊಡ್ಡ ಮೂಳೆಗೆ ದೊಡ್ಡ ತಟ್ಟೆ. ನಿಮ್ಮ ಕಡೆಯೋರಿಗೆ ಉಪ್ಪನ್ನೂ ಎಣಿಸಿ ಹಾಕಿ ಅಭ್ಯಾಸ. ನಿಂಗೆ ಹೇಗೆ ತಿಳೀಬೇಕು ಹೇಳು?”

“ತಿನ್ಸೋದಷ್ಟೇ ಪ್ರೀತೀನಾ ಅತ್ತೆ?”

“ಮತ್ತೆ ಉಪವಾಸ ಕೆಡವೋದಾ?”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆಲ್ಬೀನಾ ಹೆತ್ತದ್ದು ಆನೆ. ಮುದ್ದೂ ಅದೇ ಅಳತೆಯಲ್ಲಿತ್ತು. ವರ್ನಾ ಆ ಬಾಗಿಲು ಬಿಟ್ಟು ಉಳಿದ ಬಾಗಿಲುಗಳನ್ನು ತಟ್ಟಿದಳು. ಲುಮೀರ್ ಮೂಟೆ ಇಳಿಸುವ ಹೊಲಮನೆಗಳಿಗೆಲ್ಲ ಹೋಗಿ, ನಾಚಿಕೆ ಬಿಟ್ಟು, ನನ್ನ ಗಂಡನಿಗೆ ಏನೂ ಕೊಡಬೇಡಿ ಎಂದು ಬೇಡಿಕೊಂಡಳು. ಎಲ್ಲರೂ ಅವಳ ಕೈ ಹಿಡಿದುಕೊಂಡರು. “ಅಯ್ಯೋ ಪಾಪ, ಇನ್ಮೇಲೆ ಒಂದು ಲೋಟ ಕಾಫಿ ಬಿಟ್ರೆ ಏನೂ ಕೊಡಲ್ಲ ಕಣಮ್ಮ, ದೇವರಾಣೆ” ಎಂದರು. ಕಣ್ಣೀರೂ ಹಾಕಿದರು.

ಆಮೇಲೆ ನಡೆದದ್ದು ಡುಬ್ರಾವಾದಲ್ಲಿ ಮಾತ್ರ ನಡೆಯಬಹುದಾದದ್ದು. ಒಬ್ಬೊಬ್ಬ ಹೆಂಗಸೂ ಒಲೆಯ ಮುಂದೆ ನಿಂತು, ಈಗ ಯಾರ ಮನೆಯಲ್ಲೂ ಅವನಿಗೆ ಏನೂ ಕೊಡುತ್ತಿಲ್ಲ, ಹುಡುಗ ಹಸಿದು ಸಾಯುತ್ತಿರಬೇಕು, ನನ್ನದೊಂದು ತಟ್ಟೆಯಿಂದ ಏನಾದೀತು ಎಂದುಕೊಂಡಳು. ಎಲ್ಲರೂ ಹೀಗೆಯೇ ಅಂದುಕೊಂಡು, ಪಾಪ ಎಂದು ಮೊದಲಿಗಿಂತ ಒಂದು ಸೌಟು ಹೆಚ್ಚೇ ಹಾಕಿದರು. ವರ್ನಾ ಕೈಮುಗಿದು ಬಂದ ಮುಂದಿನ ತಿಂಗಳು ಹಲಗೆಯ ಅಂಕಿ ಇನ್ನೂ ಮೇಲೇರಿತ್ತು.

ಒಂದು ಮಧ್ಯಾಹ್ನ ಲುಮೀರ್ ಮನೆಗೆ ಬಂದು, ಬೇಯಿಸಿದ ಕೋಳಿಯ ಮುಂದೆ ಕೂತು, ಹಸಿವಿಲ್ಲ ಎಂದ.

“ಎಲ್ಲಿ ತಿಂದೆ?”

“ಎಲ್ಲೂ ಇಲ್ಲ.”

“ಮೀಸೇಲಿ ಗಸಗಸೆ ಇದೆ.”

ಅವನ ಕೈ ಸರ್ರನೆ ಮೀಸೆಗೆ ಹೋಯಿತು. ಮೀಸೆಯಲ್ಲಿ ಏನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು, ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಲುಮೀರ್ ತಟ್ಟೆಯನ್ನು ಬೆರಳಿಂದ ಅತ್ತಿತ್ತ ಸರಿಸುತ್ತಾ ಕೂತ.

“ವರ್ನಾ, ಡೆನ್ನಿ ಓಡಿದ್ದನ್ನ ಫಿಲಂ ತೆಗ್ದು ಇಟ್ಟಿದಾರೆ. ಅವ್ನು ನಾಳೆ ಒಣಗಿ ಕಡ್ಡಿ ಆದ್ರೂ ಡೆನ್ನಿನೇ. ನಾನು ಏನು ಮಾಡ್ದೆ ಅಂತ ಯಾರಿಗೆ ನೆನಪಿದೆ ಹೇಳು? ರಸ್ತೇಲಿ ಹೋದ್ರೆ ‘ನೋಡ್ರೋ, ನಮ್ಮ ಲೈನ್‌ಮನ್ ಹೋಗ್ತಿದಾನೆ’ ಅಂತಾರೆ. ಈ ಮೈ ನೋಡಿ ಅಂತಾರೆ. ಇದೂ ಕರಗಿಹೋದ್ರೆ ನಾನ್ಯಾರು? ಮೂಟೆ ಹೊರೋ ಒಬ್ಬ ಕುಂಟ.”

“ನಾನು ನೋಡ್ತೀನಲ್ಲ ನಿನ್ನನ್ನ. ಸಾಲದಾ?”

“ಸಾಕು. ಆದ್ರೆ ಅಮ್ಮನ್ನ ಏನು ಮಾಡ್ತೀಯ?”

ವರ್ನಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಊರಿನವರು ಅವನನ್ನು ಪ್ರೀತಿಸುತ್ತಿದ್ದರು, ಅದು ಸುಳ್ಳಲ್ಲ. ಪ್ರೀತಿ ಸುಳ್ಳಾಗಿದ್ದರೆ ಜಗಳ ಎಷ್ಟು ಸುಲಭವಿತ್ತು!

ಮಾರ್ಚ್ ತಿಂಗಳಲ್ಲಿ ಗೇಲ್ ಲಿಂಡ್‌ಹೋಮ್ ಸತ್ತ ಎಂದು ಫೋನು ಬಂತು. ಮನೆಯ ಮುಂದಿನ ಹಿಮ ಎತ್ತಿಹಾಕುತ್ತಿದ್ದವನು ಸಲಿಕೆಯ ಮೇಲೇ ಒರಗಿದನಂತೆ. ಲುಮೀರನಿಗಿಂತ ಒಂದೇ ವರ್ಷ ದೊಡ್ಡವನು. ಲುಮೀರ್ ಫೋನು ಇಟ್ಟು ಹೊರಗೆ ಹೋಗಿ ಲಾರಿಯಲ್ಲಿ ಒಬ್ಬನೇ ಕೂತ. ಆಲ್ಬೀನಾ ಸುದ್ದಿ ಕೇಳಿ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಎರಡು ದೊಡ್ಡ ಪಾತ್ರೆಗಳಲ್ಲಿ ಅಡುಗೆ ಮಾಡಿದಳು. “ನನ್ನ ಮೇಜಿನಲ್ಲಿ ತಿಂದ ಹುಡುಗ. ಅವನ ಮಣ್ಣಿಗೆ ಬರೀ ಕೈಯಲ್ಲಿ ಹೋಗ್ಲಾ?” ಎಂದು, ಬೆಳಿಗ್ಗೆ ಮಗನ ಕಾರಿನ ಹಿಂದಿನ ಸೀಟಿನಲ್ಲಿ ಪಾತ್ರೆಗಳ ನಡುವೆ ಕೂತಳು.

ಗೇಲನ ಊರಿನ ಸ್ಮಶಾನ ಚರ್ಚಿನ ಹಿಂದಿನ ದಿಬ್ಬದ ಮೇಲಿತ್ತು. ಶವಪೆಟ್ಟಿಗೆಯನ್ನು ಅಳತೆ ಕೊಟ್ಟು ಮಾಡಿಸಿದ್ದರು. ಅಂಗಡಿಯಲ್ಲಿದ್ದವು ಯಾವುವೂ ಅವನಿಗೆ ಸಾಲುತ್ತಿರಲಿಲ್ಲ. ಅದನ್ನು ಹೊರಲು ಹಳೆಯ ಸಾಲಿನ ಉಳಿದ ನಾಲ್ವರು ಲೈನ್‌ಮನ್ನರೂ ಡೆನ್ನಿಯೂ ಗೇಲನ ತಮ್ಮನೂ ನಿಂತರು. ಇಡೀ ಸೀಮೆಯ ತಂಡಗಳನ್ನು ಹಿಂದಕ್ಕೆ ನೂಕಿದ್ದ ಆಳುಗಳು ದಿಬ್ಬದ ಅರ್ಧಕ್ಕೆ ಬರುವಷ್ಟರಲ್ಲಿ ನಿಂತುಬಿಟ್ಟರು. ಉಸಿರು ಸಾಲಲಿಲ್ಲ. ಪೆಟ್ಟಿಗೆಯನ್ನು ಹಿಮದ ಮೇಲೆ ಇಳಿಸಿ, ಮೊಣಕಾಲ ಮೇಲೆ ಕೈ ಊರಿ ಬಗ್ಗಿ ನಿಂತರು. ನೋಡುತ್ತಿದ್ದವರಿಗೆ ಏನು ಮಾಡಬೇಕೋ ತೋಚಲಿಲ್ಲ.

“ಗೇಲ್, ಆಗ್ಲೂ ನೀನು ಹೀಗೇ ನಮ್ಮ ಮೇಲೆ ಭಾರ ಹಾಕ್ತಿದ್ದೆ ಕಣೋ” ಎಂದ ಸಾಲಿನಲ್ಲೊಬ್ಬ. ಎಲ್ಲರೂ ನಕ್ಕರು, ನಗಲೂ ಉಸಿರಿರಲಿಲ್ಲ. ಲುಮೀರ್ ನಗಲಿಲ್ಲ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಒಂದು ಕೈ ಕೋಟಿನೊಳಗೆ ಎದೆಯನ್ನು ಹಿಡಿದಿತ್ತು. ವರ್ನಾ ಅದನ್ನು ಕಂಡಳು. ಪಕ್ಕಕ್ಕೆ ತಿರುಗಿದರೆ ಆಲ್ಬೀನಾಳೂ ಅದನ್ನೇ ನೋಡುತ್ತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಮೊದಲು ಮುಖ ತಿರುಗಿಸಿದವಳು ಆಲ್ಬೀನಾ.

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ರೂಢಿಯ ಬಲ ಎಂಥದ್ದು ನೋಡಿ: ದಿಬ್ಬದ ಮೇಲೆ ಅಷ್ಟು ಕಂಡು ಬಂದವಳು ಕೈಗೆ ಸೌಟು ಸಿಕ್ಕ ಕೂಡಲೇ ಮಗನ ತಟ್ಟೆಯನ್ನು ಗೋಪುರ ಮಾಡಿದಳು. ಮಾಂಸ, ಅದರ ಮೇಲೆ ಕಡುಬು, ಅದರ ಮೇಲೆ ಹುಳಿ ಕೋಸು, ಎಲ್ಲದರ ಮೇಲೆ ಗೊಜ್ಜು.

“ತಿನ್ನು ಮಗನೇ. ಹೊತ್ತು ಸುಸ್ತಾಗಿದೀಯ.”

ಲುಮೀರ್ ನಿಂತಲ್ಲೇ ಒಂದು ತುತ್ತು ಬಾಯಿಗಿಟ್ಟ. ವರ್ನಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಸತ್ತವನ ಮನೆಯ ಊಟ, ಸುತ್ತಲೂ ನೂರು ಜನ, ಏನೇ ಆಗಲಿ, ಆ ತಟ್ಟೆಯನ್ನು ಕಿತ್ತು ಗೋಡೆಗೆ ಎಸೆದರೂ ಸರಿಯೇ ಎಂದು ತೀರ್ಮಾನಿಸಿಬಿಟ್ಟಿದ್ದಳು. ಅವಳಿಗಿಂತ ಮೊದಲು ಇನ್ನೊಬ್ಬಳು ಅವನ ಹತ್ತಿರ ಹೋದಳು. ಕಪ್ಪು ಉಡುಪಿನ ಬಡಕಲು ಮುದುಕಿ, ಗೇಲನ ತಾಯಿ ಹೆಡ್ವಿಗ್. ಅವಳು ಲುಮೀರನ ತೋಳನ್ನು ಎರಡು ಕೈಯಲ್ಲೂ ಹಿಡಿದು ಅಮುಕಿ ನೋಡಿದಳು.

“ನೀನು ಲುಮೀರ್ ಅಲ್ವಾ? ನಮ್ಮ ಗೇಲ್ ಪಕ್ಕದಲ್ಲಿ ನಿಲ್ತಿದ್ದೋನು. ಅಬ್ಬ, ಮೈ ಎಷ್ಟು ಚೆನ್ನಾಗಿ ಉಳಿಸ್ಕೊಂಡಿದೀಯಪ್ಪ!” ಆಮೇಲೆ ಸೌಟು ಹಿಡಿದು ನಿಂತ ಆಲ್ಬೀನಾಳ ಕಡೆ ತಿರುಗಿದಳು. “ನೀವು ಇವನ ತಾಯಿ ತಾನೇ? ಚೆನ್ನಾಗಿ ನೋಡ್ಕೊಂಡಿದೀರಮ್ಮ. ನಾನೂ ಅಷ್ಟೇ ನೋಡಿ. ಕೊನೆ ದಿನದವರ್ಗೂ ಗೇಲನ್ನ ಒಂದು ಪೌಂಡೂ ಇಳಿಯೋಕೆ ಬಿಡ್ಲಿಲ್ಲ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ, ದೂರೂ ಇರಲಿಲ್ಲ. ಒಳ್ಳೆಯ ಅಡುಗೆಯವಳು ಇನ್ನೊಬ್ಬ ಒಳ್ಳೆಯ ಅಡುಗೆಯವಳಿಗೆ ಹೇಳುವ ಹೆಮ್ಮೆಯ ಮಾತು ಅದು. ಹೇಳಿ, ಲುಮೀರನ ತೋಳು ತಟ್ಟಿ, ಮುಂದಿನವರನ್ನು ಮಾತಾಡಿಸಲು ಹೋದಳು.

ಆಲ್ಬೀನಾ ಹೆಡ್ವಿಗ್ ಹೋದ ಕಡೆಯನ್ನೇ ನೋಡಿದಳು. ಸೌಟಿನಿಂದ ಗೊಜ್ಜು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತಿತ್ತು. ಅವಳು ಸೌಟನ್ನು ಕೆಳಗಿಟ್ಟಳು. ಮಗನ ಕೈಯಿಂದ ತಟ್ಟೆ ತೆಗೆದುಕೊಂಡಳು. ಅವನು ಮಗುವಿನಂತೆ ಅವಳ ಮುಖ ನೋಡಿದ, ಚಮಚ ಕೈಯಲ್ಲೇ ಉಳಿಯಿತು. ಅವಳು ಚಮಚವನ್ನೂ ತೆಗೆದುಕೊಂಡಳು.

ಅಷ್ಟರಲ್ಲಿ ಆ ಚರ್ಚಿನ ಹೆಂಗಸೊಬ್ಬಳು ಕೇಕಿನ ತಟ್ಟೆ ಹಿಡಿದು ಬಂದಳು. “ನಮ್ಮ ಲೈನ್‌ಮನ್‌ಗೆ ಒಂದು ದೊಡ್ಡ ತುಂಡು!”

“ಅವನ ಊಟ ಆಯ್ತು” ಎಂದಳು ಆಲ್ಬೀನಾ.

ಮಗ ಹುಟ್ಟಿದಾಗಿನಿಂದ ಅವನ ಬಗ್ಗೆ ಅವಳು ಈ ಮಾತನ್ನು ಆಡಿದವಳಲ್ಲ, ಆ ಮಾತು ನಿಜವೂ ಆಗಿರಲಿಲ್ಲ.

“ಅಯ್ಯೋ, ಒಂದೇ ಒಂದು ಚೂರು…”

“ಆಯ್ತು ಅಂದೆನಲ್ಲಮ್ಮ.”

ಕೇಕಿನವಳು ಪಕ್ಕದಿಂದ ನುಸುಳಲು ನೋಡಿದಳು. ಆಲ್ಬೀನಾ ಒಂದು ಹೆಜ್ಜೆ ಆ ಕಡೆಗೇ ಸರಿದು, ಕಾಲು ಅಗಲಿಸಿ ಅಡ್ಡ ನಿಂತಳು. ಅವಳ ತಲೆ ಮಗನ ಎದೆಗೂ ಬರುತ್ತಿರಲಿಲ್ಲ. ಅವಳ ಹಿಂದೆ ಆ ಸೀಮೆಯ ಹೆಸರಾಂತ ಲೈನ್‌ಮನ್ ಹಸಿದ ಹೊಟ್ಟೆಯಲ್ಲಿ ನಿಂತಿದ್ದ.

ಆಚೆ ಮೇಜಿನಿಂದ ಇನ್ನೊಬ್ಬಳು ಕಡುಬಿನ ಬಟ್ಟಲು ಹಿಡಿದು ಇತ್ತ ಹೊರಟಿದ್ದಳು. ವರ್ನಾ ಹೋಗಿ ಅತ್ತೆಯ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವ ಹಾಗೆ ನಿಂತಳು.